ರಾಕೆಟ್‌ಗಳು ಹಲವಿರಲಿ, ಹೊಣೆ ಒಂದಿರಲಿ: ಯುರೋಪಿನ ಬಾಹ್ಯಾಕಾಶ ಸಂಸ್ಥೆಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಫ್ರಾನ್ಸಿನ ಸಿಎನ್‌ಇಎಸ್, ಜರ್ಮನಿಯ ಡಿಎಲ್‌ಆರ್ ಹಾಗೂ ಇಟಲಿಯ ಎಎಸ್‌ಐ ಬಾಹ್ಯಾಕಾಶ ಸಂಸ್ಥೆಗಳ ಮುಖ್ಯಸ್ಥರು

ಮಾನ್ಯರೇ,

2024ರ ಡಿಸೆಂಬರ್ 5ರ ಸಂಜೆ ಶ್ರೀಹರಿಕೋಟಾದಿಂದ ಹೊರಟ ಪಿಎಸ್‌ಎಲ್‌ವಿ ರಾಕೆಟ್, ಯುರೋಪಿನ ಪ್ರೋಬಾ-3 ಜೋಡಿ ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಅದಾಗಿ ಹನ್ನೊಂದು ಗಂಟೆ ಕಳೆಯುವುದರೊಳಗೆ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೌರು ಕೇಂದ್ರದಿಂದ ಇಟಲಿಯಲ್ಲಿ ರೂಪುಗೊಂಡ ವೆಗಾ-ಸಿ ರಾಕೆಟ್ ಸೆಂಟಿನೆಲ್-1ಸಿ ರೇಡಾರ್ ಉಪಗ್ರಹವನ್ನು ಹೊತ್ತು ಮೇಲೇರಿತು. ಅಪಘಾತದ ನಂತರ ಸುಮಾರು ಎರಡು ವರ್ಷ ನೆಲ ಬಿಟ್ಟು ಏಳದಿದ್ದ ರಾಕೆಟ್ ಅದು. ಎರಡೂ ಉಡಾವಣೆಗಳು ಯಶಸ್ವಿಯಾದವು. ಪ್ರೋಬಾ-3ರಂಥ ಸೂಕ್ಷ್ಮ ಯಂತ್ರವನ್ನು, ಅಂದರೆ ಸುಮಾರು ನೂರೈವತ್ತು ಮೀಟರ್ ಅಂತರದಲ್ಲಿ ಜೊತೆಜೊತೆಯಾಗಿ ಹಾರುತ್ತಾ ಒಂದು ಇನ್ನೊಂದಕ್ಕೆ ಕೃತಕ ಸೂರ್ಯಗ್ರಹಣ ಉಂಟುಮಾಡುವ ಎರಡು ನೌಕೆಗಳನ್ನು ಕಟ್ಟಬಲ್ಲ ಖಂಡ ನಿಮ್ಮದು. ಅಂಥ ಖಂಡದ ಸ್ವಂತ ರಾಕೆಟ್‌ಗಳು 2023ರಲ್ಲಿ ಕಕ್ಷೆಯತ್ತ ಹೊರಟಿದ್ದು ಮೂರು ಬಾರಿ, 2024ರಲ್ಲೂ ಮೂರೇ ಬಾರಿ. ಈ ಪತ್ರ ಆ ಅಂತರದ ಬಗ್ಗೆ.

ನಾನು ಹುಟ್ಟಿ ಬೆಳೆದದ್ದು ಹಾಸನದಲ್ಲಿ. ಈಗ ನೆಲೆಸಿರುವುದು ಬ್ರೆಮೆನ್‌ನಲ್ಲಿ. ನಿಮ್ಮ ಸಂಸ್ಥೆಗಳಲ್ಲಾಗಲಿ ನಿಮಗೆ ಬಿಡಿಭಾಗ ಪೂರೈಸುವ ಕಂಪನಿಗಳಲ್ಲಾಗಲಿ ನಾನು ಕೆಲಸಕ್ಕಿಲ್ಲ. ಜರ್ಮನಿಯಲ್ಲಿ ತೆರಿಗೆ ಕಟ್ಟುವವನಾಗಿ, ಉಪಗ್ರಹಗಳ ಮಾತು ಮನೆಮಾತಾಗಿರುವ ಊರಿನವನಾಗಿ ಬರೆಯುತ್ತಿದ್ದೇನೆ. ಜರ್ಮನ್ ಭಾಷೆಯ ಪ್ರತಿಯನ್ನು ನಿಮಗೆ ಬೇರೆಯಾಗಿ ಕಳುಹಿಸುತ್ತಿದ್ದೇನೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದಕ್ಕೆ ಕಾರಣ, ನಿಮ್ಮ ನಿರ್ಧಾರಗಳ ಫಲವನ್ನು ಕರ್ನಾಟಕದ ಜನರೂ ಉಂಡಿದ್ದಾರೆ, ಅದರ ಕೊರತೆಯನ್ನೂ ಅನುಭವಿಸಿದ್ದಾರೆ. ಅದನ್ನು ಮುಂದೆ ವಿವರಿಸುತ್ತೇನೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಯುರೋಪಿನಲ್ಲಿ ಎಷ್ಟು ರಾಕೆಟ್ ಕಂಪನಿಗಳು ಬೇಕಾದರೂ ಹುಟ್ಟಲಿ, ಪೈಪೋಟಿ ನಡೆಸಲಿ. ಆದರೆ ಯುರೋಪಿನ ಈಗಿನ ದೊಡ್ಡ ರಾಕೆಟ್ ಏರಿಯಾನ್-6ರ ನಂತರ ಬರಬೇಕಾದ, ಮರುಬಳಕೆ ಮಾಡಬಹುದಾದ ದೊಡ್ಡ ರಾಕೆಟ್‌ನ ವಿಷಯದಲ್ಲಿ ನೀವು ಮೂವರೂ ಒಂದೇ ಮೇಜಿನ ಸುತ್ತ ಕುಳಿತು, ಒಬ್ಬರನ್ನು ಪೂರ್ಣ ಹೊಣೆಗಾರರನ್ನಾಗಿ ಗೊತ್ತುಮಾಡಿ, ದಿನಾಂಕ ಹಾಕಿ ಸಹಿ ಮಾಡಬೇಕು. ಪರೀಕ್ಷಾ ಕಟ್ಟೆಗಳು, ಉಡಾವಣಾ ವೇದಿಕೆಗಳು, ವೈಫಲ್ಯದ ವರದಿಗಳು, ಸುರಕ್ಷತಾ ನಿಯಮಗಳು ಇವೆಲ್ಲ ಎಲ್ಲರಿಗೂ ಸೇರಿದ ಆಸ್ತಿಯಾಗಬೇಕು.

ಸಹಕಾರ ಎಂಬುದು ನಿಮಗೆ ಹೊಸದಲ್ಲ ಎಂದು ನೀವು ಹೇಳಬಹುದು. ನಿಜ. ಅದಕ್ಕೇ ಹಳೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ನೆನಪಿಸುತ್ತೇನೆ.

1960ರ ದಶಕದಲ್ಲಿ ಯುರೋಪಿನ ದೇಶಗಳು ಎಲ್ಡೋ ಎಂಬ ಒಕ್ಕೂಟ ಕಟ್ಟಿಕೊಂಡು 'ಯುರೋಪಾ' ಎಂಬ ರಾಕೆಟ್ ನಿರ್ಮಿಸಹೊರಟವು. ಮೊದಲ ಹಂತ ಬ್ರಿಟನ್ನಿನ ಬ್ಲೂ ಸ್ಟ್ರೀಕ್. ಎರಡನೆಯದು ಫ್ರಾನ್ಸಿನ ಕೋರಲಿ. ಮೂರನೆಯದು ಜರ್ಮನಿಯ ಆಸ್ಟ್ರಿಸ್. ತುದಿಯಲ್ಲಿ ಇಟಲಿಯ ಪರೀಕ್ಷಾ ಉಪಗ್ರಹ. ನೆಲದಿಂದ ದಾರಿ ತೋರಿಸುವ ವ್ಯವಸ್ಥೆ ಬೆಲ್ಜಿಯಂನದು, ದೂರಮಾಪನ ನೆದರ್‌ಲ್ಯಾಂಡ್ಸ್‌ನದು, ಉಡಾವಣೆಗೆ ಆಸ್ಟ್ರೇಲಿಯಾದ ವೂಮೆರಾ ಮರುಭೂಮಿ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಹಂಚಿಕೆ ಇರಲಿಲ್ಲ. ಆದರೆ ಆ ರಾಕೆಟ್ ಒಂದೇ ಒಂದು ಉಪಗ್ರಹವನ್ನೂ ಕಕ್ಷೆಗೆ ಸೇರಿಸಲಿಲ್ಲ. ಬ್ಲೂ ಸ್ಟ್ರೀಕ್ ತನ್ನ ಕೆಲಸವನ್ನು ಮತ್ತೆ ಮತ್ತೆ ಸರಿಯಾಗಿಯೇ ಮಾಡಿತು. ತೊಡಕು ಕಾಣಿಸಿಕೊಂಡದ್ದು ಮೇಲಿನ ಹಂತಗಳಲ್ಲಿ, ಹಂತಗಳ ನಡುವಿನ ಜೋಡಣೆಯಲ್ಲಿ. 1970ರ ಜೂನ್‌ನಲ್ಲಿ ತುದಿಯ ಹೊದಿಕೆ ಕಳಚಿಕೊಳ್ಳದೆ ಉಡಾವಣೆ ವ್ಯರ್ಥವಾಯಿತು. 1971ರ ನವೆಂಬರ್ 5ರಂದು ಕೌರುವಿನಿಂದ ಹೊರಟ ಯುರೋಪಾ-2, ದಿಕ್ಕು ತೋರುವ ಕಂಪ್ಯೂಟರ್ ಕೈಕೊಟ್ಟು ಚೂರುಚೂರಾಯಿತು. 1973ರಲ್ಲಿ ಯೋಜನೆಯನ್ನೇ ಮುಚ್ಚಿದರು.

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎನ್ನುತ್ತೇವಲ್ಲ, ಹಾಗಾಗಿತ್ತು. ಪ್ರತಿ ದೇಶದ ಸರ್ಕಾರವೂ ತನ್ನ ಹಂತದ ಗುತ್ತಿಗೆಯನ್ನು ತಾನೇ ನಡೆಸುತ್ತಿತ್ತು. ಒಂದು ಹಂತದ ತಂತಿ ಇನ್ನೊಂದು ಹಂತದ ತಂತಿಯನ್ನು ಮುಟ್ಟುವ ಜಾಗಕ್ಕೆ ಹೊಣೆಗಾರರು ಯಾರು ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರತ್ತ ಬೆರಳು ತೋರಿಸುವ ಸ್ಥಿತಿ. ಒಕ್ಕೂಟದ ಕಚೇರಿಗೆ ಕಾರ್ಖಾನೆಗಳ ಮೇಲೆ ಹಿಡಿತವಿರಲಿಲ್ಲ.

ಈಗ ನನ್ನ ಊರಿನ ಒಂದು ವಿವರವನ್ನು ಗಮನಿಸಿ. ಆಸ್ಟ್ರಿಸ್ ಹಂತದ ನಿರ್ಮಾಣದಲ್ಲಿ ಬ್ರೆಮೆನ್‌ನ ಎರ್ನೋ ಕಂಪನಿ ಪಾಲುದಾರನಾಗಿತ್ತು. ಕೆಲವೇ ವರ್ಷಗಳ ನಂತರ ಏರಿಯಾನ್-1ರ ಎರಡನೇ ಹಂತವನ್ನು ಜೋಡಿಸಿದ್ದೂ ಅದೇ ಎರ್ನೋ, ಇದೇ ಬ್ರೆಮೆನ್‌ನಲ್ಲಿ. ಊರು ಬದಲಾಗಿರಲಿಲ್ಲ, ಕಾರ್ಮಿಕರ ಕೌಶಲ ಒಮ್ಮೆಲೇ ಬೆಳೆದುಬಿಡಲಿಲ್ಲ. ಬದಲಾದದ್ದು ಆಡಳಿತದ ರೀತಿ. 1973ರ ಜುಲೈನಲ್ಲಿ ಬ್ರಸೆಲ್ಸ್‌ನಲ್ಲಿ ಸೇರಿದ ಸಚಿವರು ಒಂದು ಒಪ್ಪಂದಕ್ಕೆ ಬಂದರು. ಅಮೆರಿಕದ ಬಾಹ್ಯಾಕಾಶ ಷಟಲ್‌ನಲ್ಲಿ ಹಾರುವ ಪ್ರಯೋಗಾಲಯವಾದ ಸ್ಪೇಸ್‌ಲ್ಯಾಬ್‌ನ ಮುಂದಾಳತ್ವವನ್ನು ಜರ್ಮನಿ ವಹಿಸಿತು, ಬ್ರಿಟನ್ ಸಮುದ್ರಯಾನ ಸಂಪರ್ಕ ಉಪಗ್ರಹದ್ದನ್ನು ವಹಿಸಿತು, ಫ್ರಾನ್ಸ್ ರಾಕೆಟ್‌ನದನ್ನು ವಹಿಸಿತು. ರಾಕೆಟ್‌ನ ಖರ್ಚಿನಲ್ಲಿ ಶೇ 60ಕ್ಕೂ ಹೆಚ್ಚಿನ ಪಾಲನ್ನು ಫ್ರಾನ್ಸ್ ಹೊತ್ತುಕೊಂಡಿತು. ನಿರ್ವಹಣೆಯ ಹೊಣೆ ಸಿಎನ್‌ಇಎಸ್ ಹೆಗಲಿಗೆ ಬಂತು. ಉಳಿದ ದೇಶಗಳು ಭಾಗಗಳನ್ನು ತಯಾರಿಸಿದವು, ಹಣ ಕೊಟ್ಟವು, ಆದರೆ ಅಂತಿಮ ತೀರ್ಮಾನ ಯಾರದು ಎಂಬ ಬಗ್ಗೆ ಗೊಂದಲವಿರಲಿಲ್ಲ. 1979ರ ಡಿಸೆಂಬರ್ 24ರಂದು ಏರಿಯಾನ್ ಮೊದಲ ಯತ್ನದಲ್ಲೇ ಕಕ್ಷೆ ತಲುಪಿತು.

ಎರಡನೇ ಉಡಾವಣೆ ವಿಫಲವಾಯಿತು ಎಂಬುದನ್ನೂ ಹೇಳಬೇಕು. 1980ರ ಮೇ ತಿಂಗಳಲ್ಲಿ ವೈಕಿಂಗ್ ಎಂಜಿನ್ನಿನೊಳಗೆ ದಹನ ಅಸ್ಥಿರವಾಗಿ ರಾಕೆಟ್ ಸಮುದ್ರ ಸೇರಿತು. ಯುರೋಪಾ ಕಾಲದಲ್ಲಾಗಿದ್ದರೆ ಪತ್ರವ್ಯವಹಾರದಲ್ಲೇ ವರ್ಷಗಳು ಕಳೆಯುತ್ತಿದ್ದವೇನೋ. ಈ ಬಾರಿ ಇಂಧನ ಸಿಂಪಡಿಸುವ ಭಾಗವನ್ನು ಮಾರ್ಪಡಿಸಿ, ಮತ್ತೆ ಮತ್ತೆ ಉರಿಸಿ ನೋಡಿ, 1981ರ ಜೂನ್ 19ರಂದು ಮೂರನೇ ಏರಿಯಾನ್ ಹಾರಿತು. ಅದರಲ್ಲಿ ಯುರೋಪಿನ ಹವಾಮಾನ ಉಪಗ್ರಹ ಮೀಟಿಯೋಸ್ಯಾಟ್-2ರ ಜೊತೆಗೆ ಬೆಂಗಳೂರಿನಲ್ಲಿ ರೂಪುಗೊಂಡ 'ಆ್ಯಪಲ್' ಇತ್ತು. ಎತ್ತಿನ ಗಾಡಿಯ ಮೇಲೆ ಕೂರಿಸಿ ಆ್ಯಂಟೆನಾ ಪರೀಕ್ಷೆ ನಡೆಸಿದ ಭಾರತದ ಆ ಉಪಗ್ರಹದ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ಹಿಂದಿನ ಯತ್ನದಲ್ಲಿ ಸೋತಿದ್ದ ರಾಕೆಟ್‌ನಲ್ಲಿ ನಮ್ಮವರು ತಮ್ಮ ಉಪಗ್ರಹವನ್ನು ಇಟ್ಟರು. ಸೋಲಿಗೆ ಕಾರಣ ಹುಡುಕುವ ಹೊಣೆ ಯಾರದೆಂದು ಸ್ಪಷ್ಟವಿದ್ದ ಕಡೆ ನಂಬಿಕೆ ಹುಟ್ಟುತ್ತದೆ.

ಇದೇ ವೈಕಿಂಗ್ ಎಂಜಿನ್ನಿನ ಬಗ್ಗೆ ಇನ್ನೊಂದು ಮಾತು. 1970ರ ದಶಕದಲ್ಲಿ ಭಾರತದ ಎಂಜಿನಿಯರ್‌ಗಳು ಫ್ರಾನ್ಸಿನ ವೆರ್ನೋನ್ ಪಟ್ಟಣಕ್ಕೆ ಹೋಗಿ ಅಲ್ಲಿನ ತಂಡಗಳ ಜೊತೆ ದುಡಿದರು. ಅವರ ದುಡಿಮೆಗೆ ಪ್ರತಿಯಾಗಿ ಎಂಜಿನ್ನಿನ ತಂತ್ರಜ್ಞಾನ ನಮಗೆ ಬಂತು. ಅದು 'ವಿಕಾಸ್' ಆಯಿತು. ಪಿಎಸ್‌ಎಲ್‌ವಿಯ ಎರಡನೇ ಹಂತವಾಗಿ ಇಂದಿಗೂ ಉರಿಯುತ್ತಿದೆ. ಅಂದರೆ ಪ್ರೋಬಾ-3 ಏರಿದ ರಾಕೆಟ್‌ನೊಳಗೂ ವೆರ್ನೋನ್‌ನ ಒಂದು ಪಾಲಿದೆ. ತಿಳಿದದ್ದನ್ನು ಹಂಚಿಕೊಂಡದ್ದರಿಂದ ಫ್ರಾನ್ಸಿಗೆ ಏನೂ ನಷ್ಟವಾಗಲಿಲ್ಲ. ಸಾವಿರಾರು ಮೈಲಿ ದೂರದ ದೇಶದೊಂದಿಗೆ ಐವತ್ತು ವರ್ಷಗಳ ಹಿಂದೆ ಸಾಧ್ಯವಾದ ಈ ಹಂಚಿಕೆ, ರೈಲಿನಲ್ಲಿ ಅರ್ಧ ದಿನ ದೂರದ ನೆರೆಯವರ ನಡುವೆ ಇಂದೇಕೆ ಇಷ್ಟು ಕಷ್ಟವಾಗಿದೆ?

ಸ್ವಂತ ರಾಕೆಟ್ ಯಾಕೆ, ಅಗ್ಗಕ್ಕೆ ಸಿಗುವ ಕಡೆ ಟಿಕೆಟ್ ಕೊಂಡರಾಯಿತು ಎನ್ನುವವರು ಬ್ರೆಮೆನ್‌ನಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ಅವರಿಗೆ ಎರಡು ಘಟನೆಗಳು ಉತ್ತರ ಹೇಳುತ್ತವೆ.

ಮೊದಲನೆಯದು 'ಸಿಂಫನಿ'. ಫ್ರಾನ್ಸ್ ಮತ್ತು ಜರ್ಮನಿ ಕೂಡಿ ಕಟ್ಟಿದ ಈ ಸಂಪರ್ಕ ಉಪಗ್ರಹವನ್ನು ಹಾರಿಸಲು 1974ರಲ್ಲಿ ಯುರೋಪಿಗೆ ರಾಕೆಟ್ ಇರಲಿಲ್ಲ. ಅಮೆರಿಕ ತನ್ನ ಡೆಲ್ಟಾ ರಾಕೆಟ್ ಕೊಟ್ಟಿತು, ಆದರೆ ವಾಣಿಜ್ಯ ಬಳಕೆಗೆ ಆಸ್ಪದವಿಲ್ಲ, ಪ್ರಯೋಗಕ್ಕೆ ಮಾತ್ರ ಎಂಬ ಷರತ್ತು ಹಾಕಿತು. ದುಡ್ಡು ಕೊಟ್ಟು, ಬುದ್ಧಿ ಖರ್ಚು ಮಾಡಿ ಕಟ್ಟಿದ ವಸ್ತುವನ್ನು ಹೇಗೆ ಬಳಸಬೇಕೆಂದು ಗಾಡಿಯ ಮಾಲೀಕ ತೀರ್ಮಾನಿಸಿದ. ಆ ಷರತ್ತಿನ ನೋವಿನಿಂದಲೇ ಏರಿಯಾನ್‌ಗೆ ರಾಜಕೀಯ ಬಲ ಬಂದದ್ದು. (ಭಾರತದ ಪಾಲಿಗೆ ಅದೇ ಸಿಂಫನಿ ವರವಾಯಿತು: 1977ರಿಂದ 1979ರವರೆಗೆ ಇಸ್ರೊ ಮತ್ತು ಅಂಚೆ-ತಂತಿ ಇಲಾಖೆ ಆ ಉಪಗ್ರಹವನ್ನು ಬಳಸಿ ದೂರಸಂಪರ್ಕ ಪ್ರಯೋಗ ನಡೆಸಿದವು, ಇನ್ಸಾಟ್‌ಗೆ ಬೇಕಾದ ಅನುಭವ ಗಳಿಸಿದವು. ಅದಕ್ಕಾಗಿ ನಿಮ್ಮ ಹಿಂದಿನವರಿಗೆ ಋಣಿಯಾಗಿದ್ದೇವೆ.)

ಎರಡನೆಯದು ತೀರ ಇತ್ತೀಚಿನದು. 2011ರಿಂದ ಕೌರುವಿನಲ್ಲಿ ರಷ್ಯಾದ ಸೋಯುಜ್ ರಾಕೆಟ್‌ಗಳು ಯುರೋಪಿನ ಮಧ್ಯಮ ತೂಕದ ಉಪಗ್ರಹಗಳನ್ನು ಹಾರಿಸುತ್ತಿದ್ದವು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಕೆಲವೇ ದಿನಗಳಲ್ಲಿ ರಷ್ಯಾ ತನ್ನ ಸಿಬ್ಬಂದಿಯನ್ನು ಹಿಂದಕ್ಕೆ ಕರೆಸಿಕೊಂಡಿತು. ಏರಿಯಾನ್-5 ಕೊನೆಯ ಹಾರಾಟಗಳತ್ತ ಸಾಗಿತ್ತು; 2020ಕ್ಕೆ ಬರಬೇಕಿದ್ದ ಏರಿಯಾನ್-6 ಇನ್ನೂ ಸಿದ್ಧವಾಗಿರಲಿಲ್ಲ; 2022ರ ಡಿಸೆಂಬರ್‌ನಲ್ಲಿ ವೆಗಾ-ಸಿ ತನ್ನ ಎರಡನೇ ಹಾರಾಟದಲ್ಲೇ ಎರಡು ಉಪಗ್ರಹಗಳೊಂದಿಗೆ ನಷ್ಟವಾಯಿತು. ಏರಿಯಾನ್-5 ತನ್ನ 117ನೇ, ಕೊನೆಯ ಹಾರಾಟ ಮುಗಿಸಿದ್ದು 2023ರ ಜುಲೈ 5ರಂದು. ಅಲ್ಲಿಂದ ಏರಿಯಾನ್-6 ಮೊದಲ ಬಾರಿ ಏರಿದ 2024ರ ಜುಲೈ 9ರವರೆಗೆ ಯುರೋಪಿನ ಬಳಿ ದೊಡ್ಡ ರಾಕೆಟ್ ಒಂದೂ ಇರಲಿಲ್ಲ. ಬ್ರಹ್ಮಾಂಡದ ಕಗ್ಗತ್ತಲ ದ್ರವ್ಯವನ್ನು ಹುಡುಕುವ ಯೂಕ್ಲಿಡ್ ದೂರದರ್ಶಕ, ಮೋಡಗಳನ್ನು ಅಧ್ಯಯನ ಮಾಡುವ ಅರ್ಥ್‌ಕೇರ್ ಉಪಗ್ರಹ, ಕ್ಷುದ್ರಗ್ರಹದತ್ತ ಹೊರಟ ಹೆರಾ ನೌಕೆ, ಕೊನೆಗೆ ಗೆಲಿಲಿಯೋ ಪಥದರ್ಶಕ ಉಪಗ್ರಹಗಳು ಕೂಡ ಅಮೆರಿಕದ ಫಾಲ್ಕನ್-9 ಏರಿದವು. ಗೆಲಿಲಿಯೋ ಹುಟ್ಟಿದ್ದೇ ಅಮೆರಿಕದ ಜಿಪಿಎಸ್ ಮೇಲಿನ ಅವಲಂಬನೆ ತಪ್ಪಲಿ ಎಂದು.

ಈ ಬರ ಕರ್ನಾಟಕಕ್ಕೂ ತಟ್ಟಿತು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1992ರಲ್ಲಿ ಇನ್ಸಾಟ್-2ಎ ಏರಿಯಾನ್-4 ಮೇಲೆ ಹೋದ ಕಾಲದಿಂದಲೂ ಕೌರುವಿನಲ್ಲಿ ರಾಕೆಟ್‌ನಿಂದ ಬೇರ್ಪಟ್ಟ ಉಪಗ್ರಹದ ಹೊಣೆಯನ್ನು ಹಾಸನದವರು ವಹಿಸಿಕೊಳ್ಳುವುದು ವಾಡಿಕೆ. ಅಲ್ಲಿಂದ ಆದೇಶ ಕಳುಹಿಸಿ ಉಪಗ್ರಹದ ಎಂಜಿನ್ ಉರಿಸಿ, ಕಕ್ಷೆಯನ್ನು ದಿನದಿಂದ ದಿನಕ್ಕೆ ಎತ್ತರಿಸಿ, 36,000 ಕಿಲೋಮೀಟರ್ ಮೇಲಿನ ಜಾಗಕ್ಕೆ ಒಯ್ಯುತ್ತಾರೆ. 2018ರ ಡಿಸೆಂಬರ್‌ನಲ್ಲಿ 5,854 ಕೆ.ಜಿ. ತೂಗುವ ಜಿಸ್ಯಾಟ್-11 ಕೂಡ ಹೀಗೆಯೇ ಏರಿಯಾನ್-5ರಿಂದ ಇಳಿದು ಹಾಸನದ ಕೈಗೆ ಬಂತು. ಅಷ್ಟು ಭಾರ ಎತ್ತುವ ರಾಕೆಟ್ ನಮ್ಮಲ್ಲಿರಲಿಲ್ಲ, ನಿಮ್ಮಲ್ಲಿತ್ತು. 2024ರ ನವೆಂಬರ್ ಹೊತ್ತಿಗೆ 4,700 ಕೆ.ಜಿ.ಯ ಜಿಸ್ಯಾಟ್-ಎನ್2 ಸಿದ್ಧವಾದಾಗ ಕೌರುವಿನ ಬಾಗಿಲು ತೆರೆದಿರಲಿಲ್ಲ. ಅದು ಫ್ಲಾರಿಡಾಕ್ಕೆ ಹೋಯಿತು, ಫಾಲ್ಕನ್-9 ಏರಿತು. ಉಡಾವಣೆ ಯಶಸ್ವಿಯಾದದ್ದು ಸಂತೋಷವೇ. ಆದರೆ ಭಾರತದಂಥ ಗ್ರಾಹಕರಿಗೆ ಇದ್ದ ಎರಡನೇ ಬಾಗಿಲು ಮುಚ್ಚಿತ್ತು. ಬೆಲೆಯನ್ನೂ ದಿನಾಂಕವನ್ನೂ ಒಬ್ಬನೇ ನಿರ್ಧರಿಸುವ ಮಾರುಕಟ್ಟೆ ಯಾರಿಗೂ ಒಳ್ಳೆಯದಲ್ಲ.

ಈಗ ಪರಿಸ್ಥಿತಿ ಸುಧಾರಿಸಿದೆ, ಒಪ್ಪುತ್ತೇನೆ. 2025ರಲ್ಲಿ ಏರಿಯಾನ್-6 ನಾಲ್ಕು ಬಾರಿ, ವೆಗಾ-ಸಿ ಮೂರು ಬಾರಿ ಯಶಸ್ವಿಯಾಗಿ ಹಾರಿದವು. ಅದಕ್ಕಾಗಿ ದುಡಿದವರಿಗೆ ಮನಸಾರೆ ವಂದನೆ. ಅದೇ ವರ್ಷ ಫಾಲ್ಕನ್-9 ಹಾರಿದ್ದು 160ಕ್ಕೂ ಹೆಚ್ಚು ಬಾರಿ. ಅದನ್ನು ಕಟ್ಟುವ ಸ್ಪೇಸ್‌ಎಕ್ಸ್ ಕಂಪನಿ ರಾಕೆಟ್‌ನ ಮೊದಲ ಹಂತವನ್ನು ನೆಲಕ್ಕಿಳಿಸಿ ತೋರಿಸಿದ್ದು 2015ರ ಡಿಸೆಂಬರ್‌ನಲ್ಲಿ. ಏರಿಯಾನ್-6 ನಿರ್ಮಿಸುವ ನಿರ್ಧಾರ ಆದದ್ದು ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 2014ರ ಡಿಸೆಂಬರ್‌ನಲ್ಲಿ, ಲಕ್ಸೆಂಬರ್ಗ್ ಸಭೆಯಲ್ಲಿ. ಏರಿಯಾನ್-5ನ್ನೇ ಬೆಳೆಸೋಣ ಎಂದು ಜರ್ಮನಿ, ಹೊಸದನ್ನು ಕಟ್ಟೋಣ ಎಂದು ಫ್ರಾನ್ಸ್ ಪಟ್ಟು ಹಿಡಿದಿದ್ದ ಕಾಲ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವ ನಡುದಾರಿ ಸಿಕ್ಕಿತು. ಆ ನಡುದಾರಿಯಲ್ಲಿ ಮರುಬಳಕೆಗೆ ಜಾಗವಿರಲಿಲ್ಲ.

ನನ್ನ ಚಿಂತೆ ಆ ನಡುದಾರಿಯ ಗುಣದ ಬಗ್ಗೆ. ಸೌಹಾರ್ದ ಕೆಡದಂತೆ ಕೆಲಸವನ್ನು ಹಂಚುವುದು ಒಂದು. ಕೆಲಸ ಮುಗಿಯುವಂತೆ ಹಂಚುವುದು ಇನ್ನೊಂದು. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯಾದ ಇಎಸ್‌ಎ ನಿಯಮದ ಪ್ರಕಾರ ಯಾವ ದೇಶ ಎಷ್ಟು ಹಣ ಕೊಡುತ್ತದೋ ಅಷ್ಟರ ಮಟ್ಟಿಗೆ ಗುತ್ತಿಗೆ ಆ ದೇಶದ ಕಾರ್ಖಾನೆಗಳಿಗೆ ಮರಳಬೇಕು. ಈ ನಿಯಮದಿಂದಲೇ ಸಣ್ಣ ದೇಶಗಳೂ ಹಣ ತೊಡಗಿಸಿದವು, ನಿಜ. ಅದನ್ನು ಕಿತ್ತೆಸೆಯಿರಿ ಎನ್ನುವವನು ನಾನಲ್ಲ. ಆದರೆ ಏರಿಯಾನ್-6ರ ನಿರ್ಮಾಣದಲ್ಲಿ ಹದಿಮೂರು ದೇಶಗಳಿವೆ. ಮೊದಲ ಹಂತ ಫ್ರಾನ್ಸಿನ ಲೆ ಮ್ಯುರೋದಲ್ಲಿ, ಮೇಲಿನ ಹಂತ ಬ್ರೆಮೆನ್‌ನಲ್ಲಿ, ಪಕ್ಕದಲ್ಲಿ ಕಟ್ಟಿ ಹೆಚ್ಚಿನ ನೂಕುಬಲ ಕೊಡುವ ಬೂಸ್ಟರ್‌ಗಳ ಕವಚ ಇಟಲಿಯ ಕೊಲ್ಲೆಫೆರ್ರೊದಲ್ಲಿ, ತುದಿಯ ಹೊದಿಕೆ ಸ್ವಿಟ್ಜರ್‌ಲ್ಯಾಂಡ್‌ನಲ್ಲಿ.

ಕ್ಯಾನೊಪೆ ಎಂಬ ಹಡಗು ವೇಸರ್ ನದಿಯಲ್ಲಿ ಬ್ರೆಮೆನ್‌ವರೆಗೆ ಬರುವುದನ್ನು ಈ ಊರಿನವರು ದಡದಲ್ಲಿ ನಿಂತು ನೋಡುತ್ತಾರೆ. 121 ಮೀಟರ್ ಉದ್ದದ ಆ ಹಡಗಿನ ಮೇಲೆ ತಲಾ 37 ಮೀಟರ್ ಎತ್ತರದ ನಾಲ್ಕು ಹಾಯಿಗಳಿವೆ. ಇಂಧನ ಉಳಿಸಲೆಂದು ಗಾಳಿಯ ಸಹಾಯದಿಂದ ಅಟ್ಲಾಂಟಿಕ್ ದಾಟುತ್ತದೆ. ಅದರ ಹೊಟ್ಟೆಯೊಳಗೆ ಹೋಗುವುದು 5.4 ಮೀಟರ್ ಅಗಲದ ಮೇಲಿನ ಹಂತ. ಮುಂದೊಂದು ದಿನ ಮೈನಸ್ 253 ಡಿಗ್ರಿಯ ದ್ರವ ಜಲಜನಕವನ್ನು ಹಿಡಿದಿಡಬೇಕಾದ ತೊಟ್ಟಿ. ಬಳಿಕ ಹಡಗು ಫ್ರಾನ್ಸಿನ ಬಂದರುಗಳಿಗೆ ಹೋಗುತ್ತದೆ. ಸೀನ್ ನದಿಯಲ್ಲಿ ತೇಲಿ ಬಂದ ಮೊದಲ ಹಂತವನ್ನು ಲೆ ಹಾವ್ರ್‌ನಲ್ಲಿ ಹತ್ತಿಸಿಕೊಳ್ಳುತ್ತದೆ. ಕೊನೆಗೆ ಕೌರು ನದಿಯ ಪರಿಯಾಕಾಬೊ ಎಂಬ ಸಣ್ಣ ಬಂದರು ಸೇರುತ್ತದೆ. ನೋಡಲು ಮೈ ಜುಮ್ಮೆನ್ನುವ ಕೆಲಸ ಇದು, ನನಗೆ ಇದರ ಬಗ್ಗೆ ಹೆಮ್ಮೆಯಿದೆ. ಜೊತೆಗೇ, ವರ್ಷಕ್ಕೆ ಒಂಬತ್ತು-ಹತ್ತು ರಾಕೆಟ್ ಬೇಕೆನ್ನುವ ದಿನ ಒಂದು ದೇಶದ ಒಂದು ಭಾಗ ತಡವಾದರೆ ಉಳಿದ ಹನ್ನೆರಡು ದೇಶಗಳು ಕೈಕಟ್ಟಿ ಕೂರಬೇಕಲ್ಲ ಎಂಬ ಆತಂಕವೂ ಇದೆ.

ಹಂಚಿಕೆ ಸರಿಯಾಗಿ ಕೂಡಿಬಂದ ನಿದರ್ಶನವೂ ನಿಮ್ಮ ಬಳಿಯೇ ಇದೆ. ಪಿ120ಸಿ ಎಂಬ ಘನ ಇಂಧನದ ಮೋಟಾರ್ ಏರಿಯಾನ್-6ಕ್ಕೆ ಬೂಸ್ಟರ್, ವೆಗಾ-ಸಿಗೆ ಮೊದಲ ಹಂತ. ಒಂದೇ ವಸ್ತು, ಎರಡು ರಾಕೆಟ್. ಇಟಲಿಯಲ್ಲಿ ಇಂಗಾಲದ ಎಳೆ ಸುತ್ತಿ ಕವಚ ತಯಾರಾಗುತ್ತದೆ. ಕೌರುವಿನಲ್ಲಿ ಅದರೊಳಗೆ ಇಂಧನ ಎರೆಯುತ್ತಾರೆ. ಹೆಚ್ಚು ತಯಾರಾದಷ್ಟೂ ಇಬ್ಬರಿಗೂ ಖರ್ಚು ಇಳಿಯುತ್ತದೆ. ಇದರ ಮುಂದಿನ ರೂಪ ಪಿ160ಸಿ ಒಂದು ಮೀಟರ್ ಹೆಚ್ಚು ಉದ್ದ, 14 ಟನ್ ಹೆಚ್ಚು ಇಂಧನ. 2025ರ ಏಪ್ರಿಲ್‌ನಲ್ಲಿ ಕೌರುವಿನಲ್ಲಿ ಅದನ್ನು ಉರಿಸಿ ಪರೀಕ್ಷಿಸಿದರು. ಹಾಗೆಯೇ ವೆಗಾ-ಸಿ ಅಪಘಾತದ ತನಿಖೆಯನ್ನು ನೋಡಿ. ಎರಡನೇ ಹಂತದ ನಳಿಕೆಯ ಕಂಠದಲ್ಲಿ ಉಕ್ರೇನಿನಿಂದ ತರಿಸಿದ ಇಂಗಾಲದ ಭಾಗ ಬೇಗನೆ ಸವೆದಿತ್ತು ಎಂದು ಗೊತ್ತಾಯಿತು. ಸ್ವತಂತ್ರ ಆಯೋಗ ಅದನ್ನು 2023ರ ಮಾರ್ಚ್‌ನಲ್ಲಿ ಬಹಿರಂಗವಾಗಿ ಹೇಳಿತು. ಬದಲಿ ವಸ್ತು ಏರಿಯಾನ್ ತಯಾರಕರಿಂದಲೇ ಬಂತು. ಆ ಬಳಿಕದ ನೆಲದ ಪರೀಕ್ಷೆಯಲ್ಲಿ ಮತ್ತೆ ದೋಷ ಕಂಡಾಗ ನಳಿಕೆಯನ್ನೇ ಹೊಸದಾಗಿ ವಿನ್ಯಾಸ ಮಾಡಿದರು. ಮುಚ್ಚಿಡದೆ ಹೇಳಿದ್ದರಿಂದಲೇ 2024ರ ಡಿಸೆಂಬರ್ 5ರ ಯಶಸ್ಸು ಬಂತು.

ಈ ಗುಣ ಮುಂದಿನ ಯೋಜನೆಗಳಲ್ಲಿ ನನಗೆ ಕಾಣುತ್ತಿಲ್ಲ. 2023ರ ನವೆಂಬರ್‌ನಲ್ಲಿ ಸ್ಪೇನಿನ ಸೆವಿಲ್‌ನಲ್ಲಿ ನಿಮ್ಮ ಮೂರು ದೇಶಗಳು ಒಂದು ಒಪ್ಪಂದ ಮಾಡಿಕೊಂಡವು. ಏರಿಯಾನ್-6ಕ್ಕೆ ವರ್ಷಕ್ಕೆ 34 ಕೋಟಿ ಯೂರೋವರೆಗೆ, ವೆಗಾ-ಸಿಗೆ 2.1 ಕೋಟಿ ಯೂರೋವರೆಗೆ ನೆರವು. ವೆಗಾ-ಸಿಯ ಮಾರಾಟ ಇಟಲಿಯ ಕಂಪನಿಯ ಕೈಗೆ. ಸಣ್ಣ ರಾಕೆಟ್‌ಗಳಿಗೆ ಪೈಪೋಟಿಯ ದಾರಿ. ಅಲ್ಲಿ ಹೊಮ್ಮಿದ್ದು ಬೇರೆಯಾಗುವ ದನಿ. 2025ರ ನವೆಂಬರ್ 26 ಮತ್ತು 27ರಂದು ಇಎಸ್‌ಎ ಸದಸ್ಯ ದೇಶಗಳ ಸಚಿವರ ಸಭೆ ನಮ್ಮ ಬ್ರೆಮೆನ್‌ನಲ್ಲೇ ನಡೆಯಿತು. ಮೂರು ವರ್ಷಕ್ಕೆ ಸುಮಾರು 2,210 ಕೋಟಿ ಯೂರೋ, ಇಎಸ್‌ಎ ಇತಿಹಾಸದಲ್ಲೇ ಅತಿ ದೊಡ್ಡ ಮೊತ್ತ. ಹೊಸ ರಾಕೆಟ್ ಕಂಪನಿಗಳ ಸ್ಪರ್ಧೆಗೆ 90 ಕೋಟಿ ಯೂರೋಗೂ ಹೆಚ್ಚು ಹಣ ಬಂತು. ಆದರೆ ಅದರಲ್ಲಿ ಬಹುಪಾಲನ್ನು ಪ್ರತಿ ದೇಶವೂ ತನ್ನ ನೆಲದ ಕಂಪನಿಗೆಂದೇ ಗುರುತು ಮಾಡಿ ಕೊಟ್ಟಿತು: ಜರ್ಮನಿ ಜರ್ಮನ್ ಕಂಪನಿಗಳಿಗೆ, ಫ್ರಾನ್ಸ್ ಫ್ರೆಂಚ್ ಕಂಪನಿಗೆ, ಸ್ಪೇನ್ ಸ್ಪೇನಿನ ಕಂಪನಿಗೆ. ಸ್ಪರ್ಧೆ ಎಂದರೆ ಉತ್ತಮವಾದದ್ದನ್ನು ಎಲ್ಲರೂ ಸೇರಿ ಆರಿಸುವುದು. ಇಲ್ಲಿ ಆಯ್ಕೆ ಮೊದಲೇ ಆಗಿತ್ತು.

ಈ ಹೊಸ ಕಂಪನಿಗಳ ಮೇಲೆ ನನಗೆ ಅಕ್ಕರೆಯಿದೆ. 2025ರ ಮಾರ್ಚ್ 30ರಂದು ನಾರ್ವೆಯ ಆಂಡೋಯಾದಿಂದ ಹೊರಟ ಜರ್ಮನಿಯ 'ಸ್ಪೆಕ್ಟ್ರಮ್' ಅರ್ಧ ನಿಮಿಷದಲ್ಲಿ ಸಮುದ್ರಕ್ಕೆ ಬಿದ್ದಿತು. ಅದಕ್ಕೂ ಮುನ್ನ, 2024ರ ಆಗಸ್ಟ್‌ನಲ್ಲಿ, ಸ್ಕಾಟ್‌ಲ್ಯಾಂಡಿನ ಸ್ಯಾಕ್ಸಾವರ್ಡ್‌ನಲ್ಲಿ ಇನ್ನೊಂದು ಜರ್ಮನ್ ಕಂಪನಿಯ ಮೊದಲ ಹಂತ ಪರೀಕ್ಷೆಯ ವೇಳೆ ಹೊತ್ತಿ ಉರಿಯಿತು. ಇಂಥ ಸೋಲುಗಳನ್ನು ದಾಟದೆ ಯಾವ ದೇಶವೂ ಆಕಾಶ ಮುಟ್ಟಿಲ್ಲ. ನನ್ನ ಪ್ರಶ್ನೆ ಬೇರೆ. ಈ ಸೋಲುಗಳಿಂದ ಕಲಿತದ್ದು ಆಯಾ ಕಂಪನಿಯ ಗೋಡೆಯೊಳಗೇ ಉಳಿಯುತ್ತದೆಯೇ? ಸಾರ್ವಜನಿಕ ಹಣ ಪಡೆದ ಮೇಲೆ ಪಾಠವೂ ಸಾರ್ವಜನಿಕವಾಗಬೇಕಲ್ಲವೇ? ವ್ಯಾಪಾರದ ಗುಟ್ಟು ಅವರಲ್ಲೇ ಇರಲಿ. ಕವಾಟ ಯಾಕೆ ಸಿಲುಕಿತು, ನಡುಹಾರಾಟದಲ್ಲಿ ರಾಕೆಟ್ ನಿಲ್ಲಿಸುವ ಸುರಕ್ಷತಾ ವ್ಯವಸ್ಥೆ ಹೇಗೆ ಕೆಲಸ ಮಾಡಿತು ಎಂಬಂಥ ವಿವರಗಳು ನಿಮ್ಮ ಮೂರೂ ಸಂಸ್ಥೆಗಳ ಎಂಜಿನಿಯರ್‌ಗಳ ಮೇಜಿನ ಮೇಲೆ ಬರಲಿ. ಕೌರುವಿನಲ್ಲಿ ಒಪ್ಪಿಗೆ ಪಡೆದ ಸುರಕ್ಷತಾ ಉಪಕರಣ ನಾರ್ವೆಯಲ್ಲೂ ಸ್ವೀಡನ್ನಿನಲ್ಲೂ ಒಪ್ಪಿಗೆಯಾಗುವಂಥ ಒಂದೇ ನಿಯಮಾವಳಿ ಇರಲಿ.

ಮರುಬಳಕೆಯ ವಿಷಯದಲ್ಲಿ ನಿಮ್ಮ ಕೈಯಲ್ಲಿ 'ಕ್ಯಾಲಿಸ್ಟೊ' ಇದೆ. ಸಿಎನ್‌ಇಎಸ್, ಡಿಎಲ್‌ಆರ್ ಮತ್ತು ಜಪಾನಿನ ಜಾಕ್ಸಾ ಕೂಡಿ ಮಾಡುತ್ತಿರುವ, ಸುಮಾರು 13 ಮೀಟರ್ ಎತ್ತರದ ಪುಟ್ಟ ರಾಕೆಟ್. ಏರಬೇಕು, ಮರಳಬೇಕು, ಕಾಲೂರಿ ನಿಲ್ಲಬೇಕು, ಮತ್ತೆ ಹಾರಬೇಕು. ರಾಷ್ಟ್ರೀಯ ಸಂಸ್ಥೆಗಳ ನೇರ ಸಹಕಾರಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತಿಳಿದಿಲ್ಲ. ಆದರೆ ಹಾರಾಟದ ದಿನಾಂಕ ವರ್ಷದಿಂದ ವರ್ಷಕ್ಕೆ ಮುಂದೆ ಸರಿಯುತ್ತಲೇ ಬಂದಿದೆ. ಇನ್ನೊಂದು ಕಡೆ ಇಎಸ್‌ಎ ಹಣದಲ್ಲಿ 'ಥೆಮಿಸ್' ಎಂಬ, ಏರಿ ಮರಳಿ ಇಳಿಯಬೇಕಾದ ಪರೀಕ್ಷಾ ರಾಕೆಟ್ ಸ್ವೀಡನ್ನಿನ ಎಸ್‌ರೇಂಜ್ ಉಡಾವಣಾ ಕೇಂದ್ರದಲ್ಲಿ ಸಿದ್ಧವಾಗುತ್ತಿದೆ. ಮೀಥೇನ್ ಉರಿಸುವ, ಸುಮಾರು 100 ಟನ್ ನೂಕುಬಲದ ಪ್ರೊಮಿಥಿಯಸ್ ಎಂಜಿನ್ ಅದಕ್ಕೆ. ಇಟಲಿ ಪ್ರತ್ಯೇಕವಾಗಿ ತನ್ನ ಎಂ10 ಮೀಥೇನ್ ಎಂಜಿನ್ ಬೆಳೆಸುತ್ತಿದೆ. ಮೂರರಲ್ಲಿ ಯಾವುದನ್ನೂ ನಿಲ್ಲಿಸಿ ಎನ್ನುತ್ತಿಲ್ಲ. ಇಳಿಯುವಾಗ ಗಾಳಿಯ ಹೊಡೆತ ಹೇಗಿತ್ತು, ಕಾಲುಗಳ ಮೇಲೆ ಎಷ್ಟು ಭಾರ ಬಿತ್ತು, ಮರಳಿದ ಎಂಜಿನ್ನಿನೊಳಗೆ ಎಷ್ಟು ಮಸಿ ಕೂತಿತ್ತು ಎಂಬ ಮಾಹಿತಿಯನ್ನು ಮೂವರೂ ಹಂಚಿಕೊಂಡರೆ ಮುಂದಿನ ದೊಡ್ಡ ರಾಕೆಟ್‌ಗೆ ವರ್ಷಗಳು ಉಳಿಯುತ್ತವೆ. ಜರ್ಮನಿಯ ಲ್ಯಾಂಪೋಲ್ಡ್‌ಸ್‌ಹೌಸೆನ್‌ನಲ್ಲಿ ಡಿಎಲ್‌ಆರ್‌ನ ಎಂಜಿನ್ ಪರೀಕ್ಷಾ ಕಟ್ಟೆಗಳಿವೆ. ಏರಿಯಾನ್-6ರ ಮೇಲಿನ ಹಂತವನ್ನು ಇಡಿಯಾಗಿ ಉರಿಸಿ ನೋಡಿದ್ದು ಅಲ್ಲೇ. ವೆರ್ನೋನ್‌ನಲ್ಲಿ ಇನ್ನಷ್ಟು ಕಟ್ಟೆಗಳಿವೆ. ಯಾವುದಾದರೂ ಯುರೋಪಿನ ತಂಡ ಎಂಜಿನ್ ಹೊತ್ತು ಬಂದರೆ ಯಾವ ದೇಶದವರೆಂದು ಕೇಳದೆ ಒಂದೇ ದರ, ಒಂದೇ ಸರದಿ ಪಟ್ಟಿ ಇರಬೇಕು.

ಜರ್ಮನಿ 2030ರೊಳಗೆ ಸೇನಾ ಬಾಹ್ಯಾಕಾಶಕ್ಕೆ 3,500 ಕೋಟಿ ಯೂರೋ ಖರ್ಚು ಮಾಡುವುದಾಗಿ 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದೆ. ನನ್ನ ತೆರಿಗೆಯೂ ಅದರಲ್ಲಿ ಸೇರುತ್ತದೆ. ಆ ಉಪಗ್ರಹಗಳು ಯಾವ ರಾಕೆಟ್ ಏರುತ್ತವೆ? ಈ ಪ್ರಶ್ನೆಗೆ ಉತ್ತರ ಬರ್ಲಿನ್ನಿನಲ್ಲಿ ಒಂದು, ಪ್ಯಾರಿಸ್ಸಿನಲ್ಲಿ ಒಂದು, ರೋಮ್‌ನಲ್ಲಿ ಇನ್ನೊಂದಾದರೆ ಮತ್ತೆ ಯುರೋಪಾ ಕಾಲಕ್ಕೆ ಮರಳುತ್ತೀರಿ. ಸರ್ಕಾರಿ ಉಪಗ್ರಹಗಳನ್ನು ಯುರೋಪಿನ ರಾಕೆಟ್‌ಗಳಿಗೇ ಕೊಡುತ್ತೇವೆ ಎಂದು ಮೂರೂ ದೇಶಗಳು, ಹತ್ತು ವರ್ಷದ ಬೇಡಿಕೆಯನ್ನು ಒಟ್ಟುಗೂಡಿಸಿ, ಮುಂಗಡವಾಗಿ ಹೇಳಲಿ. ಕಾರ್ಖಾನೆಗಳು ಹೆಚ್ಚು ತಯಾರಿಸಲು ಧೈರ್ಯ ಮಾಡುವುದು ಅಂಥ ಭರವಸೆಯಿಂದ.

ಕೌರುವಿನ ಜನರನ್ನು ಈ ಲೆಕ್ಕದಲ್ಲಿ ಮರೆಯಬೇಡಿ ಎಂದೂ ಕೇಳಿಕೊಳ್ಳುತ್ತೇನೆ. 2017ರ ಮಾರ್ಚ್, ಏಪ್ರಿಲ್‌ನಲ್ಲಿ ಗಯಾನಾದ ಜನ ರಸ್ತೆಗಿಳಿದು ಉಡಾವಣೆಯನ್ನೇ ನಿಲ್ಲಿಸಿದ್ದರು. ಆಸ್ಪತ್ರೆ, ಶಾಲೆ, ಭದ್ರತೆ ಅವರ ಬೇಡಿಕೆಗಳಾಗಿದ್ದವು. ಪಕ್ಕದಲ್ಲೇ ಏರಿಯಾನ್ ಏರುತ್ತಿರುವಾಗ ತಮ್ಮೂರಿಗೆ ವೈದ್ಯರಿಲ್ಲ ಎಂಬ ಅವರ ದೂರು ನ್ಯಾಯವಾದದ್ದು. ಉಡಾವಣಾ ಕೇಂದ್ರ ಮೂವರಿಗೂ ಸೇರಿದ್ದೆಂದರೆ ಆ ಊರಿನ ಹೊಣೆಯೂ ಮೂವರದು.

ಮುಂದಿನ ಸಚಿವರ ಸಭೆ 2028ರಲ್ಲಿ ನಡೆಯಬೇಕು. ಅಲ್ಲಿಯವರೆಗೆ ಕಾಯಬೇಡಿ. ಮೂರು ಸಂಸ್ಥೆಗಳೂ ಸಹಿ ಹಾಕಿದ ಒಂದೇ ಕಾಗದವನ್ನು ಅದಕ್ಕೂ ಮೊದಲೇ ಪ್ರಕಟಿಸಿ. ಏರಿಯಾನ್-6ರ ನಂತರದ ರಾಕೆಟ್‌ಗೆ ಯಾವ ಸಂಸ್ಥೆ ಹೊಣೆ, ಅದರ ಮಾತನ್ನು ಉಳಿದಿಬ್ಬರು ಯಾವ ವಿಷಯಗಳಲ್ಲಿ ಅಂತಿಮವೆಂದು ಒಪ್ಪುತ್ತಾರೆ, ಮೊದಲ ಹಾರಾಟ ಯಾವ ವರ್ಷ, ಕ್ಯಾಲಿಸ್ಟೊ ಮತ್ತು ಥೆಮಿಸ್‌ನ ಮಾಹಿತಿ ಯಾರ ಯಾರ ಕೈಗೆ ಯಾವಾಗ ಸೇರುತ್ತದೆ ಎಂಬುದು ಅದರಲ್ಲಿರಲಿ. ಬ್ರೆಮೆನ್‌ನಲ್ಲಿ ಅದನ್ನು ಓದಲು ನಾನೊಬ್ಬನೇ ಅಲ್ಲ, ಕಾರ್ಖಾನೆಯ ಮೊದಲ ಪಾಳಿಗೆ ಹೊರಡುವ ನನ್ನ ನೆರೆಹೊರೆಯವರೂ ಕಾಯುತ್ತಿದ್ದಾರೆ. ಹಾಸನದಲ್ಲೂ ಓದುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಬ್ರೆಮೆನ್ ನಿವಾಸಿ ಕನ್ನಡಿಗ